ಪರೀಕ್ಷೆ ಬರೆಯುವ ಮಗುವಿಗಾಗಿ ಪ್ರಾರ್ಥನೆ: ನಾನು ಅನುಸರಿಸುವ ಕ್ರಮ

ಎಸ್‌ಎಸ್‌ಎಲ್‌ಸಿ ಬರೆಯುವ ಮಗುವಿರುವ ಕ್ರೈಸ್ತ ಮನೆಯಲ್ಲಿ ಫೆಬ್ರವರಿ ಬಂತೆಂದರೆ ಕುಟುಂಬ ಪ್ರಾರ್ಥನೆ ಉದ್ದವಾಗುತ್ತದೆ. ಮನೆಸಾಲ, ಅಜ್ಜಿಯ ಮಂಡಿನೋವು, ಊರಿನ ಮಳೆಬೆಳೆ ಎಲ್ಲವೂ ಮುಗಿದ ಮೇಲೆ ಕೊನೆಗೆ "ಈ ಮಗುವಿಗೆ ತೊಂಬತ್ತರ ಮೇಲೆ ಕೊಡು ಕರ್ತನೇ" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅರ್ಧ ಗಂಟೆ ಕಣ್ಣುಮುಚ್ಚಿ ಕೂತ ಮಗುವಿನ ಕಿವಿಯಲ್ಲಿ ಉಳಿಯುವುದು ಆ ತೊಂಬತ್ತು ಮಾತ್ರ. ಸಂಡೇ ಸ್ಕೂಲಿನಲ್ಲಿ ಹತ್ತನೇ ತರಗತಿಯ ಮಕ್ಕಳನ್ನು ನೋಡಿಕೊಳ್ಳುವ ನಾನು ತಂದೆ ತಾಯಿಗೆ ಮೊದಲು ಹೇಳುವುದು ಇದನ್ನೇ: ಮಗುವಿನ ಎದುರಿಗೆ ದೇವರ ಹತ್ತಿರ ಅಂಕ ಕೇಳಬೇಡಿ. ಕೇಳದೆ ಇರಲಾಗದಿದ್ದರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕೇಳಿ. ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಎನ್ನುವ ಬೈಬಲಿನ ಮತ್ತಾಯ 6:6 ಇಂಥ ಹೊತ್ತಿಗೂ ಒದಗುತ್ತದೆ.

ಕಾರಣವಿದೆ. ಅಪ್ಪ ಅಮ್ಮನ ಬಾಯಿಂದ ಪ್ರಾರ್ಥನೆಯ ರೂಪದಲ್ಲಿ ಬಂದ ಅಂಕಕ್ಕೆ ಮಗು ಎದುರು ಮಾತಾಡುವಂತಿಲ್ಲ. ಬೈದರೆ ಮುನಿಸಿಕೊಳ್ಳಬಹುದು, ಪ್ರಾರ್ಥಿಸಿದರೆ ಏನು ಮಾಡುವುದು? ನಾಳೆ ಅಂಕ ಕಡಿಮೆ ಬಂದರೆ ಮನೆಯವರ ಜೊತೆಗೆ ದೇವರೂ ನನ್ನನ್ನು ಬಿಟ್ಟ ಎಂದುಕೊಳ್ಳುತ್ತದೆ. ಹೆಚ್ಚು ಬಂದರೂ ಲೆಕ್ಕ ತಪ್ಪೇ: ಅಂಕ ಬಂದಷ್ಟು ದೇವರ ಪ್ರೀತಿ ಎಂದಾಯಿತು.

ಅದಕ್ಕೆ ನಾನು ಇಟ್ಟುಕೊಂಡಿರುವ ಅಳತೆ ನಾಲ್ಕು ನಿಮಿಷ. ಪರೀಕ್ಷೆಗೆ ಮೂರು ವಾರ ಮುಂಚಿನಿಂದಲೇ ಶುರುಮಾಡಬೇಕು. ಹಿಂದಿನ ರಾತ್ರಿ ಹೊಸದಾಗಿ ಆರಂಭಿಸಿದರೆ ಅದೇ ಒಂದು ಗಾಬರಿಯಾಗುತ್ತದೆ. ದಿನವೂ ಒಂದೇ ಹೊತ್ತು, ರಾತ್ರಿ ಊಟ ಮುಗಿದ ಕೂಡಲೇ. ಮಲಗುವ ಮುಂಚೆ ಎಂದು ಇಟ್ಟರೆ ಮಗು ಓದುತ್ತಾ ಹನ್ನೊಂದು ಮಾಡುತ್ತದೆ, ಪ್ರಾರ್ಥನೆ ತೂಕಡಿಕೆಯಲ್ಲಿ ಮುಗಿಯುತ್ತದೆ. ಒಂದು ನಿಮಿಷ ಬೈಬಲ್ ವಾಕ್ಯ ಓದುವುದು, ಎರಡೋ ಮೂರೋ ವಚನ ಸಾಕು. ಆಮೇಲೆ ಒಂದು ನಿಮಿಷ ಮಗು ಮಾತಾಡುವುದು: ಇವತ್ತು ಯಾವುದು ತಲೆಗೆ ಹತ್ತಲಿಲ್ಲ, ಯಾವುದಕ್ಕೆ ಭಯ. ಇಲ್ಲಿ ಉಪದೇಶ ಕೂಡದು. "ತ್ರಿಕೋನಮಿತಿ ಬರುತ್ತಿಲ್ಲ" ಅಂದರೆ "ಸರಿ" ಎನ್ನಿ, "ಆಗಲೇ ಹೇಳಿದ್ದೆ" ಎನ್ನಬೇಡಿ. ಆಮೇಲೆ ಮಗು ಹೇಳಿದ ಆ ಮಾತನ್ನೇ ಎತ್ತಿಕೊಂಡು ದೊಡ್ಡವರೊಬ್ಬರು ಪ್ರಾರ್ಥಿಸುವುದು. ಕೊನೆಗೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆ, ಎಲ್ಲರೂ ಸೇರಿ. ಅದಕ್ಕೆ ಅರ್ಧ ನಿಮಿಷವೂ ಬೇಡ.

ದೊಡ್ಡವರ ಪ್ರಾರ್ಥನೆಯ ಧಾಟಿ ಸುಮಾರು ಹೀಗಿರಲಿ: "ತಂದೆಯೇ, ಈ ದಿನಕ್ಕಾಗಿ ಸ್ತೋತ್ರ. ನಮ್ಮ ಮಗು ಇವತ್ತು ಕುಳಿತು ಓದಿದೆ, ಅದನ್ನು ನೀನು ನೋಡಿದ್ದೀ. ಗಣಿತದ ವಿಷಯದಲ್ಲಿ ಅದಕ್ಕೆ ಭಯವಿದೆ; ಆ ಭಯವನ್ನು ನಿನ್ನ ಮುಂದೆ ಇಡುತ್ತಿದ್ದೇವೆ. ಓದಿದ್ದು ನೆನಪಿನಲ್ಲಿ ಉಳಿಯಲಿ. ಬರದಿದ್ದದ್ದನ್ನು ಬರದು ಎಂದು ಒಪ್ಪಿಕೊಂಡು ಕೇಳುವ ಧೈರ್ಯ ಕೊಡು. ಒಳ್ಳೆಯ ನಿದ್ರೆ ಕೊಡು. ಫಲಿತಾಂಶ ಏನೇ ಬರಲಿ, ಇದು ನಿನ್ನ ಮಗು, ನಮ್ಮ ಮಗು. ಯೇಸುಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ, ಆಮೆನ್." ಕೊನೆಯ ಸಾಲಿಗೆ ಮುಂಚಿನ ವಾಕ್ಯವನ್ನು ಒಂದು ದಿನವೂ ಬಿಡಬಾರದು. ಉಳಿದದ್ದು ದಿನಕ್ಕೆ ತಕ್ಕಂತೆ ಬದಲಾಗಲಿ.

ವಾಕ್ಯಗಳ ಆಯ್ಕೆಯಲ್ಲಿ ಎಡವುವವರೇ ಹೆಚ್ಚು. ಸ್ಟಡಿ ಟೇಬಲ್ಲಿನ ಗೋಡೆಗೆ ಸಾಮಾನ್ಯವಾಗಿ ಅಂಟಿಸುವುದು ಎರಡು: ಯೆರೆಮೀಯ 29:11 ಮತ್ತು ಫಿಲಿಪ್ಪಿ 4:13. ಮೊದಲನೆಯದು, ಒಳ್ಳೆಯ ಭವಿಷ್ಯ ಕೊಡುತ್ತೇನೆ ಎಂಬ ದೇವರ ಮಾತು, ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದಲ್ಲಿದೆ. ಅದರ ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷ ಕಾಯಬೇಕು ಎಂದಿದೆ. ಮೇ ತಿಂಗಳ ಫಲಿತಾಂಶಕ್ಕೆ ಕೊಟ್ಟ ವಾಗ್ದಾನ ಅದಲ್ಲ. ಎರಡನೆಯದನ್ನು "ನಾನು ಏನು ಬೇಕಾದರೂ ಸಾಧಿಸಬಲ್ಲೆ" ಎಂದು ಓದುತ್ತಾರೆ. ಮೇಲಿನ ಎರಡು ವಚನ ಸೇರಿಸಿ ಓದಿದರೆ, ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ತೃಪ್ತನಾಗಿರಲು ಕಲಿತಿದ್ದೇನೆ ಎಂದು ಪೌಲನು ಸೆರೆಯಲ್ಲಿ ಕುಳಿತು ಬರೆದ ಮಾತು ಅದು ಎಂದು ತಿಳಿಯುತ್ತದೆ. ಅಂಕ ಕಡಿಮೆ ಬಂದ ದಿನ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ, ಹಾಗಾಗಿ ಕಿತ್ತುಹಾಕಿ ಎನ್ನುವುದಿಲ್ಲ, ಪೂರ್ತಿ ಓದಿ.

ನಾನು ಹೆಚ್ಚಾಗಿ ಕೊಡುವುದು ದಾನಿಯೇಲನ ಮೊದಲ ಅಧ್ಯಾಯ. ದಾನಿಯೇಲನಿಗೂ ಅವನ ಮೂವರು ಗೆಳೆಯರಿಗೂ ದೇವರು ಜ್ಞಾನ ಕೊಟ್ಟ, ನಿಜ. ಆದರೆ ಸೆರೆಹೋದ ಬಾಬೆಲಿನ ಅರಮನೆಯಲ್ಲಿ ಅವರಿಗೆ ಗೊತ್ತುಮಾಡಿದ್ದ ಶಿಕ್ಷಣದ ಅವಧಿ ಮೂರು ವರ್ಷ, ಕಲಿಯಬೇಕಾಗಿದ್ದದ್ದು ಪರಭಾಷೆ. ದೇವರು ಕೊಟ್ಟದ್ದು ಓದಿನ ಒಳಗೆ, ಓದಿಗೆ ಬದಲಾಗಿ ಅಲ್ಲ. ಅತಿಯಾಗಿ ಓದಿ ಸುಸ್ತಾದ ಮಗುವಿಗೆ 1 ಅರಸುಗಳು 19. ಪ್ರವಾದಿ ಎಲೀಯ ಸಾಕಾಯಿತು ಎಂದು ಮಲಗಿದಾಗ ದೂತ ಮೊದಲು ಉಪದೇಶ ಮಾಡಲಿಲ್ಲ; ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ದೂತ ಇನ್ನೊಮ್ಮೆ ಎಬ್ಬಿಸಿ ತಿನ್ನಿಸಿದ. ತಂದೆ ತಾಯಿಗೂ ಇದೇ ಪಾಠ. ಏನೂ ಓದದೆ ಪ್ರಾರ್ಥನೆಯನ್ನೇ ನೆಚ್ಚಿಕೊಂಡ ಮಗುವಿದ್ದರೆ ಮತ್ತಾಯ 4:7, ದೇವರನ್ನು ಪರೀಕ್ಷಿಸಬಾರದು ಎಂಬ ಮಾತು. ಇದನ್ನು ನಗುತ್ತಲೇ ಹೇಳಬೇಕು, ಇಲ್ಲವಾದರೆ ಬೈಗುಳವಾಗುತ್ತದೆ.

ಪರೀಕ್ಷೆಯ ಹಿಂದಿನ ರಾತ್ರಿ ಮಾಡುವ ಕೆಲಸಗಳಲ್ಲಿ ಪ್ರಾರ್ಥನೆಗೆ ಕೊನೆಯ ಸ್ಥಾನ. ಮೊದಲು ಹಾಲ್ ಟಿಕೆಟ್, ಎರಡು ನೀಲಿ ಪೆನ್ನು, ಪೆನ್ಸಿಲ್, ಸ್ಕೇಲು, ಜಾಮೆಟ್ರಿ ಬಾಕ್ಸು, ನೀರಿನ ಬಾಟಲಿ ಚೀಲದಲ್ಲಿ ಸೇರಿಸಿ ಬಾಗಿಲ ಹತ್ತಿರ ಇಡಬೇಕು. ಬೆಳಿಗ್ಗೆ ಹಾಲ್ ಟಿಕೆಟ್ ಹುಡುಕುವ ಮನೆಯಲ್ಲಿ ಯಾವ ಕೀರ್ತನೆಯೂ ಸಮಾಧಾನ ತಾರದು. ಕೊನೆಗೆ ಕೀರ್ತನೆ 121 ಓದಿ ದೀಪ ಆರಿಸುವುದು, ಹತ್ತು ಗಂಟೆಯೊಳಗೆ. ಕಾಪಾಡುವವನು ತೂಕಡಿಸುವುದಿಲ್ಲ ಎಂದು ಅದರಲ್ಲಿದೆ. ಅವನು ಎಚ್ಚರವಿದ್ದ ಮೇಲೆ ಮಗು ಮಲಗಬಹುದು. ನಡುರಾತ್ರಿಯ ತನಕ ಜಾಗರಣೆ ಪ್ರಾರ್ಥನೆಯಲ್ಲಿ ಮಗುವನ್ನೂ ಕೂರಿಸುವುದು ಖಂಡಿತ ಬೇಡ. ಓದಿದ್ದು ಗಟ್ಟಿಯಾಗುವುದು ನಿದ್ರೆಯಲ್ಲಿ. ಮಗುವಿಗೆ ಉಪವಾಸವೂ ಬೇಡ. ದೊಡ್ಡವರು ಮಾಡಿದರೆ ಮಾಡಲಿ, ಆದರೆ "ನಿನಗೋಸ್ಕರ ಹಸಿದಿದ್ದೇನೆ" ಎಂದು ಊಟದ ಮುಂದೆ ಹೇಳಬಾರದು. ಅದು ಮಗುವಿನ ತಟ್ಟೆಗೆ ಸಾಲ ಬಡಿಸಿದ ಹಾಗೆ.

ಲೆಂಟ್ ಕಾಲವೂ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಈ ಪರೀಕ್ಷೆಯೂ ಹೆಚ್ಚಾಗಿ ಒಟ್ಟಿಗೇ ಬರುತ್ತವೆ. 2024ರಲ್ಲಿ ಪರೀಕ್ಷೆ ಮಾರ್ಚ್ 25ರಿಂದ ಏಪ್ರಿಲ್ 6ರವರೆಗೆ ನಡೆಯಿತು. ಗುಡ್ ಫ್ರೈಡೇ ಮಾರ್ಚ್ 29ಕ್ಕೆ, ಈಸ್ಟರ್ 31ಕ್ಕೆ. ಅಂಥ ವರ್ಷ ಗುಡ್ ಫ್ರೈಡೇ ದಿನ ಮೂರು ಗಂಟೆ ಹೊತ್ತಿನ ಆರಾಧನೆ ಪೂರ್ತಿ ಕೂರಬೇಕೋ ಬೇಡವೋ ಎಂಬುದನ್ನು ಅಂದು ಬೆಳಿಗ್ಗೆ ವಾದ ಮಾಡದೆ, ಒಂದು ವಾರ ಮುಂಚೆ ಮಗುವನ್ನೂ ಕೂರಿಸಿಕೊಂಡು ತೀರ್ಮಾನಿಸಿ. ಒಂದು ಗಂಟೆ ಕೂತು ಎದ್ದುಬಂದರೆ ಯಾರ ನಂಬಿಕೆಯೂ ಕರಗುವುದಿಲ್ಲ.

ಬೆಳಿಗ್ಗೆ ಮನೆ ಬಿಡುವಾಗ ಪ್ರಾರ್ಥನೆ ಒಂದು ನಿಮಿಷದೊಳಗೆ. ತಲೆಯ ಮೇಲೆ ಕೈಯಿಟ್ಟು ಅರಣ್ಯಕಾಂಡ 6:24ರಿಂದ 26ರ ಆಶೀರ್ವಾದ ಹೇಳಿದರೆ ಆಯಿತು. ಸ್ವಂತ ಮಾತು ಸೇರಿಸಬೇಡಿ. ಆ ಹೊತ್ತಿಗೆ ಅಮ್ಮನ ಗಂಟಲು ಕಟ್ಟುತ್ತದೆ, ಅದನ್ನು ಕಂಡು ಮಗುವಿನದೂ ಕಟ್ಟುತ್ತದೆ. ಬರೆದಿಟ್ಟ ಮಾತಿನ ಲಾಭ ಅದೇ, ನಡುಗಿದರೂ ದಾರಿ ತಪ್ಪುವುದಿಲ್ಲ. ಪೆನ್ನಿಗೆ ಪ್ರಾರ್ಥನೆ ಮಾಡಿಸಿಕೊಂಡು ಬರುವವರಿದ್ದಾರೆ. ನಾನು ತಡೆಯುವುದಿಲ್ಲ, ಆದರೆ ಒಂದೇ ಪೆನ್ನಿಗೆ ಮಾಡಿಸಬೇಡಿ ಎನ್ನುತ್ತೇನೆ: ಆ ಪೆನ್ನು ಮರೆತುಹೋದ ದಿನ ಮಗು ಅರ್ಧ ಸೋತೇ ಪರೀಕ್ಷಾ ಹಾಲಿಗೆ ಹೋಗುತ್ತದೆ. ಕಥೋಲಿಕ ಮನೆಗಳಲ್ಲಿ ಪರೀಕ್ಷೆ ಬರೆಯುವವರ ಪಾಲಕನೆಂದು ಕುಪೆರ್ತಿನೊದ ಸಂತ ಜೋಸೆಫರನ್ನು ನೆನೆಯುತ್ತಾರೆ. ಓದಿನಲ್ಲಿ ತುಂಬ ಹಿಂದಿದ್ದ 17ನೇ ಶತಮಾನದ ಸನ್ಯಾಸಿ ಅವರು ಎಂಬುದೇ ಮಕ್ಕಳಿಗೆ ಒಂದು ಸಮಾಧಾನ.

ಪರೀಕ್ಷಾ ಹಾಲಿನೊಳಗೆ ಮಗುವಿಗೆ ಬೇಕಾದದ್ದು ಉಸಿರಿಗೆ ಸೇರಿದ ಪ್ರಾರ್ಥನೆ. ಪ್ರಶ್ನೆಪತ್ರಿಕೆ ಓದಿಕೊಳ್ಳಲು 15 ನಿಮಿಷ ಹೆಚ್ಚುವರಿಯಾಗಿ ಕೊಡುತ್ತಾರಲ್ಲ, ಅದರ ಮೊದಲ ಅರ್ಧ ನಿಮಿಷ ಇದಕ್ಕೆ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಎಳೆದುಕೊಳ್ಳುತ್ತಾ ಮನಸ್ಸಿನಲ್ಲಿ "ಯೆಹೋವನು ನನಗೆ ಕುರುಬನು", ಆರು ಎಣಿಸುವಷ್ಟು ಹೊತ್ತು ಬಿಡುತ್ತಾ "ಕೊರತೆಪಡೆನು". ಮೂರು ಸಲ. ಬಿಡುವ ಉಸಿರು ಉದ್ದವಾದರೆ ಎದೆಬಡಿತ ನಿಧಾನವಾಗುತ್ತದೆ, ಆದ್ದರಿಂದ ಎಣಿಕೆ ತಿರುಗಮುರುಗ ಆಗಬಾರದು. ಕಣ್ಣು ಮುಚ್ಚಬೇಕಿಲ್ಲ, ತಲೆಬಾಗಬೇಕಿಲ್ಲ. ಇದನ್ನು ಮೂರು ವಾರ ಮುಂಚಿನಿಂದ ದಿನಕ್ಕೆರಡು ಸಲ ರೂಢಿ ಮಾಡಿಸಿ. ಹಾಲಿನಲ್ಲೇ ಮೊದಲ ಸಲ ಮಾಡಿದರೆ ಫಲ ಕಡಿಮೆ. ನಡುವೆ ತಲೆ ಖಾಲಿಯಾದರೂ ಅದೇ ಮೂರು ಉಸಿರು, ಆಮೇಲೆ ಆ ಪ್ರಶ್ನೆ ಬಿಟ್ಟು ಬರುವ ಪ್ರಶ್ನೆಗೆ ಹೋಗುವುದು.

ಪರೀಕ್ಷೆ ಮುಗಿಸಿ ಬಂದವರಿಗೆ "ಹೇಗಿತ್ತು, ಎಷ್ಟು ಬರುತ್ತದೆ" ಎಂದು ಕೇಳುವ ಬದಲು ಊಟ ಹಾಕಿ. ಬರೆದ ವಿಷಯಕ್ಕೆ ಒಂದೇ ವಾಕ್ಯದ ಸ್ತೋತ್ರ ಹೇಳಿ ಅಲ್ಲಿಗೆ ಮುಚ್ಚುವುದು. ಉತ್ತರ ತಾಳೆ ನೋಡುವುದು ಎಲ್ಲ ವಿಷಯ ಮುಗಿದ ಮೇಲೆ.

ಸಭೆಯವರಿಗೂ ಒಂದು ಮಾತು. ಭಾನುವಾರ ಮಕ್ಕಳನ್ನು ಮುಂದೆ ಕರೆದು ಪ್ರಾರ್ಥಿಸುವುದು ಒಳ್ಳೆಯದೇ, ಹೆಸರು ಕರೆಯುವಾಗ ಪ್ರಿಪರೇಟರಿ ಅಂಕ ಸೇರಿಸಬೇಡಿ. ರಿಪೀಟರ್ ಮಗುವನ್ನು ಬೇರೆ ಸಾಲಿನಲ್ಲಿ ನಿಲ್ಲಿಸಬೇಡಿ. ಫಲಿತಾಂಶದ ಮಾರನೆಯ ಭಾನುವಾರ ರ‍್ಯಾಂಕ್ ಬಂದವರ ಸಾಕ್ಷಿ ಮಾತ್ರ ಹೇಳಿಸಿದರೆ, ಹಿಂದಿನ ಬೆಂಚಿನಲ್ಲಿ ಕೂತವನಿಗೆ ಏನು ಕೇಳಿಸುತ್ತದೆ ಎಂದು ಯೋಚಿಸಿ. ಅಂದು ಬರೆದ ಎಲ್ಲ ಮಕ್ಕಳನ್ನೂ ಕರೆದರಾಯಿತು.

ಪ್ರಾರ್ಥನೆಗೆ ವಹಿಸಿ ಸುಮ್ಮನೆ ಕೂರಬಾರದ ಸಂದರ್ಭಗಳೂ ಇವೆ. ನಾಲ್ಕೈದು ರಾತ್ರಿ ನಿದ್ರೆಯೇ ಇಲ್ಲ, ಊಟ ಬಿಟ್ಟಿದೆ, "ನಾನು ಇದ್ದು ಏನು ಪ್ರಯೋಜನ" ಎಂಬಂಥ ಮಾತು ಬಂತು ಅಂದರೆ ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಹತ್ತಿರ ಕರೆದೊಯ್ಯಿರಿ, ಅಥವಾ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಇದನ್ನು ಅಪನಂಬಿಕೆ ಎನ್ನುವವರ ಮಾತು ಆ ಹೊತ್ತಿಗೆ ಕೇಳಬೇಡಿ.

ಫಲಿತಾಂಶದ ದಿನ ಮೊಬೈಲಿನಲ್ಲಿ ನೋಂದಣಿ ಸಂಖ್ಯೆ ಒತ್ತುವ ಮುಂಚೆ ಮೂವತ್ತು ಸೆಕೆಂಡು ಸ್ತೋತ್ರದ ಪ್ರಾರ್ಥನೆ ಮುಗಿಸುತ್ತೇವೆ. ಅಂಕ ಕಂಡ ಮೇಲೆ ಮಾಡಿದರೆ ಅದು ಅಂಕಕ್ಕೆ ಮಾಡಿದ ಸ್ತೋತ್ರವಾಗುತ್ತದೆ. ಫೇಲಾಗಿದ್ದರೆ ಅಂದು ವಾಕ್ಯ ಹುಡುಕಲು ಹೋಗಬೇಡಿ, ಪಕ್ಕದಲ್ಲಿ ಕೂತರೆ ಸಾಕು. 2024ರಿಂದ ಪರೀಕ್ಷೆ 1 ಆದ ಮೇಲೆ ಪರೀಕ್ಷೆ 2 ಎಂದು ಅದೇ ವರ್ಷ ಮತ್ತೆ ಬರೆಯುವ ಅವಕಾಶವಿದೆ. ಎರಡು ದಿನ ಬಿಟ್ಟು ಶಾಲೆಗೆ ಹೋಗಿ ಪರೀಕ್ಷೆ 2ಕ್ಕೆ ಅರ್ಜಿ ಹಾಕಲು ಕೊನೆಯ ದಿನ ಯಾವುದೆಂದು ಕೇಳಿಕೊಂಡು ಬನ್ನಿ. ಅಂದಿನಿಂದ ರಾತ್ರಿ ಊಟವಾದ ಮೇಲೆ ಮತ್ತೆ ಅದೇ ನಾಲ್ಕು ನಿಮಿಷ.