ಪ್ರಾರ್ಥನೆಯ ಪಕ್ಕದಲ್ಲೇ ರೇಟು ಬರೆದೆ

ನಮ್ಮ ಚರ್ಚಿನ ಸಭೆಯಲ್ಲಿ ನನಗೆ "ಲೆಕ್ಕದ ಅಕ್ಕ" ಅಂತ ಹೆಸರು. ಹೊಗಳಿ ಇಟ್ಟದ್ದಲ್ಲ. ಪ್ರಾರ್ಥನೆಯ ಪುಸ್ತಕದಲ್ಲಿ ಬೇಡಿಕೆಯ ಪಕ್ಕ ರೇಟು ಬರೆಯುತ್ತೇನೆ ಅಂತ ಗೊತ್ತಾದಾಗಿನಿಂದ ಹಾಗೆ ಕರೆಯುತ್ತಾರೆ. ಮನೆ ಕೂಟದಲ್ಲಿ ಒಬ್ಬ ಹಿರಿಯರು ಎಲ್ಲರ ಮುಂದೆಯೇ ಕೇಳಿದರು, "ಏನಮ್ಮಾ, ದೇವರಿಗೇ ಕೊಟೇಶನ್ ಕೊಡ್ತೀಯಾ? ನಂಬಿಕೆ ಇದ್ದವರು ಹಿಂಗೆ ಮಾಡಲ್ಲ." ಇನ್ನೊಂದು ಕಡೆ ನಮ್ಮ ಭಾವ. ಅವರದು ಒಂದೇ ಮಾತು: "ಪ್ರಾರ್ಥನೆ ಆಮೇಲೆ ಮಾಡ್ಕೊ, ಮೊದಲು ಸಾಲ ತೆಗೆದು ಮಷೀನ್ ಹಾಕು."

ಈಗ ಇಬ್ಬರೂ ಸುಮ್ಮನಿದ್ದಾರೆ. ಬಳ್ಳಾರಿ ಕೌಲ್‌ಬಜಾರಿನಲ್ಲಿ ಜೀನ್ಸ್ ಹೊಲಿಯುವ ನನ್ನ ಶೆಡ್ಡಿನಲ್ಲಿ ಆರು ಮಷೀನ್ ಓಡುತ್ತಿವೆ. ಮಗಳು ಕೆಲಸಕ್ಕೆ ಹೋಗುತ್ತಿದ್ದಾಳೆ. ಸಂಘದ ಸಾಲ ಒಂದು ರೂಪಾಯಿ ಇಲ್ಲ. ಇದಕ್ಕೆಲ್ಲ ಹೆಚ್ಚುಕಮ್ಮಿ ನಾಲ್ಕು ವರ್ಷ ಹಿಡಿಯಿತು. ಬೆಳಗಿನ ಪ್ರಾರ್ಥನೆ, ಉಪವಾಸ, ದಶಮಾಂಶ (ಆದಾಯದ ಹತ್ತರಲ್ಲಿ ಒಂದು ಪಾಲು ದೇವರಿಗೆ) ನಿಮಗೆಲ್ಲ ಗೊತ್ತಿರುವುದೇ. ಅದನ್ನು ಇಲ್ಲಿ ಬರೆಯುವುದಿಲ್ಲ.

ಮೊದಲು ಕೆಟ್ಟು ಹೋದದ್ದನ್ನು ಹೇಳುತ್ತೇನೆ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಹೊಸ ವರ್ಷಕ್ಕೆ ಅಂತ ಬೈಬಲ್ ವಚನ ಬರೆದ ವಾಗ್ದಾನದ ಕಾರ್ಡ್ ಕೊಡುತ್ತಾರಲ್ಲ, ನಾನು ವರ್ಷದ ಪ್ಲಾನ್ ಮಾಡುತ್ತಿದ್ದದ್ದು ಅದರ ಮೇಲೆ. ಒಂದು ವರ್ಷ ಯೆಶಾಯ 54 ಬಂತು, ಗುಡಾರದ ಜಾಗ ವಿಶಾಲಮಾಡು ಅನ್ನುವ ವಚನ. ಕಾರ್ಡನ್ನು ಬೀರುವಿಗೆ ಅಂಟಿಸಿದೆ. ಎರಡು ಸಂಘಗಳಿಂದ ಸೇರಿ 70 ಸಾವಿರದ ಹತ್ತಿರ ಸಾಲ ಎತ್ತಿದೆ. ಹಳೇ ಹೊಲಿಗೆ ಮಷೀನ್ ಎರಡು ತಂದೆ, ಉಳಿದದ್ದು ಶೆಡ್ಡಿನ ಅಡ್ವಾನ್ಸಿಗೆ ಹೋಯಿತು. ಮೂರು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ 2020ರ ಮಾರ್ಚ್ ಬಂತು, ಲಾಕ್‌ಡೌನ್ ಬಂತು. ಜೀನ್ಸ್ ಕೊಳ್ಳುವ ಅಂಗಡಿಗಳೆಲ್ಲ ಬಂದ್. ಕಟ್ ಆದ ಬಟ್ಟೆ ಗಂಟು ಗಂಟಾಗಿ ಹಾಗೇ ಬಿದ್ದಿತ್ತು. 16 ಸಾವಿರಕ್ಕೋ ಏನೋ ತಂದಿದ್ದ ಮಷೀನನ್ನು 9 ಸಾವಿರಕ್ಕೆ ಕೊಟ್ಟೆ. ಯೆಶಾಯನದು ಏನೂ ತಪ್ಪಿಲ್ಲ ಬಿಡಿ. ಆ ಮಾತು ಬಂದದ್ದು ಊರು ಬಿಟ್ಟು ಸೆರೆ ಹೋದ ಜನಕ್ಕೆ, ಜಾಬ್‌ವರ್ಕ್ ಮಾಡುವವರಿಗೆ ಮಷೀನ್ ತಗೊಳ್ಳಿ ಅಂತ ಅಲ್ಲ.

ನಡುವೆ ಗಿದ್ಯೋನನ ಉಣ್ಣೆಯನ್ನೂ ನೋಡಿದೆ. ನೆಲ ಒಣಗಿದ್ದು ಉಣ್ಣೆ ಮಾತ್ರ ಮಂಜಿಗೆ ಒದ್ದೆಯಾದರೆ ದೇವರ ಮಾತು ಖಚಿತ ಅಂತ ಅವನು ಗುರುತು ಕೇಳಿದ್ದ. ಬಳ್ಳಾರಿಯ ಏಪ್ರಿಲ್‌ನಲ್ಲಿ ಮಂಜು ಎಲ್ಲಿಂದ ಬರಬೇಕು? ಅದಕ್ಕೆ ಬೇರೆ ಗುರುತು ಇಟ್ಟುಕೊಂಡೆ. ಮಧ್ಯಾಹ್ನದ ಊಟದೊಳಗೆ ವ್ಯಾಪಾರಿಯ ಫೋನ್ ಬಂದರೆ ಆ ಕೆಲಸಕ್ಕೆ ಕೈ ಹಾಕುವುದು, ಬರದಿದ್ದರೆ ಬಿಡುವುದು. ಕೆಲವು ತಿಂಗಳು ಬರೆದಿಟ್ಟು ನೋಡಿದೆ. ದಸರಾ, ದೀಪಾವಳಿ ಮುಂದಿದ್ದರೆ ಫೋನ್ ಬಂದೇ ಬರುತ್ತದೆ. ಹಬ್ಬ ಮುಗಿದರೆ ಬರುವುದೇ ಇಲ್ಲ. ಅಂದರೆ ನನಗೆ ಸಿಗುತ್ತಿದ್ದದ್ದು ಸೀಸನ್ನಿನ ಉತ್ತರ, ದೇವರದಲ್ಲ. ನ್ಯಾಯಸ್ಥಾಪಕರ ಪುಸ್ತಕ ತೆಗೆದು ನೋಡಿ, ಏನು ಮಾಡಬೇಕು ಅಂತ ಗಿದ್ಯೋನನಿಗೆ ದೇವರು ಉಣ್ಣೆಗೆ ಮುಂಚೆಯೇ ಹೇಳಿ ಆಗಿತ್ತು. ಅವನಿಗೆ ಬೇಕಿದ್ದದ್ದು ಧೈರ್ಯ. ನನಗೆ ಬೇಕಿದ್ದದ್ದು ದಾರಿ.

ದಾರಿ ಸಿಕ್ಕಿದ್ದು ಬೈಬಲಿನ ನೆಹೆಮೀಯನಲ್ಲಿ. ಅವನು ಪರ್ಷಿಯಾದ ರಾಜನಿಗೆ ಪಾನ ಕೊಡುವ ಸೇವಕ. ಯೆರೂಸಲೇಮಿನ ಗೋಡೆ ಬಿದ್ದ ಸುದ್ದಿ ಅವನಿಗೆ ಕಿಸ್ಲೇವ್ ತಿಂಗಳಲ್ಲಿ ಬರುತ್ತದೆ. ರಾಜನ ಹತ್ತಿರ ಬಾಯಿ ಬಿಡುವುದು ನೀಸಾನಿನಲ್ಲಿ. ನಡುವೆ ಸುಮಾರು ನಾಲ್ಕು ತಿಂಗಳು. ಅತ್ತ, ಉಪವಾಸ ಮಾಡಿದ, ಪ್ರಾರ್ಥಿಸಿದ. ಇದನ್ನು ಎಲ್ಲರೂ ಪ್ರಸಂಗ ಮಾಡುತ್ತಾರೆ. ಆದರೆ "ಏನು ಬೇಕು" ಅಂತ ರಾಜ ಕೇಳಿದಾಗ ಅವನು ತಡವರಿಸಲಿಲ್ಲ. ಮನಸ್ಸಲ್ಲೇ ಒಂದು ಪ್ರಾರ್ಥನೆ ಮಾಡಿ ಪಟ್ಟಿ ಹೇಳಿದ. ಎಷ್ಟು ದಿನದ ರಜೆ, ನದಿಯಾಚೆಯ ಅಧಿಕಾರಿಗಳಿಗೆ ಪತ್ರ, ರಾಜನ ಕಾಡು ನೋಡಿಕೊಳ್ಳುವ ಆಸಾಫನಿಗೆ ಇನ್ನೊಂದು ಪತ್ರ. ಬಾಗಿಲಿಗೆ ಇಷ್ಟು ಮರ, ಗೋಡೆಗೆ ಇಷ್ಟು, ತಾನು ಇರುವ ಮನೆಗೆ ಇಷ್ಟು. ಬರೀ ಅತ್ತುಕೊಂಡು ಕೂತಿದ್ದವನಿಗೆ ಆಸಾಫನ ಹೆಸರು ಬಾಯಲ್ಲಿ ಬರುತ್ತಿತ್ತಾ?

ಮಾರನೇ ದಿನವೇ ಒಂದು ಉದ್ದನೆಯ ರೂಲ್ ಪುಸ್ತಕ ತಂದೆ. ಎಡಕ್ಕೆ ಬೇಕಾದದ್ದು, ನಡುವೆ ಅದರ ಇವತ್ತಿನ ರೇಟು, ಬಲಕ್ಕೆ ತಾರೀಖು. ರೇಟನ್ನು ಅಂದಾಜಿನಲ್ಲಿ ಬರೆಯಬಾರದು, ಅಂಗಡಿಗೆ ಹೋಗಿ ಕೇಳಿಯೇ ಬರೆಯಬೇಕು. ತಾರೀಖಿನ ಸಾಲು ಖಾಲಿ. ಅದು ದೇವರದು. ನನ್ನ ಪದ್ಧತಿ ಇಷ್ಟೇ, ಕೇಳಿದರೆ ನಗು ಬರುತ್ತದೆ.

ಒಂದು ಪುಟ ಹೇಳುತ್ತೇನೆ. "ಫೀಡ್ ಆಫ್ ದಿ ಆರ್ಮ್, ಹಳೇದು, ಮೋಟರ್ ಸಮೇತ, 55ರಿಂದ 60 ಸಾವಿರ." ಜೀನ್ಸಿನ ಕಾಲಿನ ಡಬಲ್ ಹೊಲಿಗೆ ಬೀಳುವುದು ಈ ಮಷೀನಿನಲ್ಲಿ. ಇದಿಲ್ಲದೆ ಪ್ರತಿ ಪ್ಯಾಂಟನ್ನೂ ಹೊರಗೆ ಕಳಿಸಬೇಕಿತ್ತು. ಪೀಸಿಗೆ ಮೂರು ರೂಪಾಯಿ ಅಲ್ಲೇ ಹೋಗುತ್ತಿತ್ತು, ಜೊತೆಗೆ ಆಟೋ ಬಾಡಿಗೆ. ಆ ಸಾಲಿನ ಕೆಳಗೆ ಬೇರೆ ಬೇರೆ ಪೆನ್ನಿನಲ್ಲಿ ಏನೇನೋ ಇದೆ. "58 ಅಂದ, ಮೋಟರ್ ಸುಟ್ಟಿದೆ, ಬೇಡ." "52, ಬಿಲ್ ಇಲ್ಲ ಅಂತಾನೆ." "ಪ್ರಾರ್ಥನೆ ಮಾಡಿದೆ, ಮನಸ್ಸಿಗೆ ಸಮಾಧಾನ ಇಲ್ಲ." ಒಂದೂವರೆ ವರ್ಷದ ಮೇಲೆ ಯೂನಿಟ್ ಮುಚ್ಚಿದ ಒಬ್ಬರಿಂದ 47 ಸಾವಿರಕ್ಕೆ ಸಿಕ್ಕಿತು. ಅವತ್ತೇ ತಾರೀಖು ಬರೆದದ್ದು. ರೇಟು ಮೊದಲೇ ಗೊತ್ತಿದ್ದದ್ದಕ್ಕೆ ಹತ್ತು ನಿಮಿಷದಲ್ಲಿ ಹೂಂ ಅಂದೆ. ಇಲ್ಲದಿದ್ದರೆ "ಪ್ರಾರ್ಥನೆ ಮಾಡಿ ಹೇಳ್ತೀನಣ್ಣ" ಅಂತ ಎದ್ದು ಬರುತ್ತಿದ್ದೆ, ಮಷೀನ್ ಇನ್ನೊಬ್ಬರ ಪಾಲಾಗುತ್ತಿತ್ತು.

ಕಾಯುವುದು ಕಷ್ಟ, ಅದು ನಿಜ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ನಮ್ಮ ಬಳ್ಳಾರಿಗೆ ಬಂದದ್ದು 1810ರಲ್ಲಿ. ಪೂರ್ತಿ ಕನ್ನಡ ಬೈಬಲ್ ಹೊರಬಂದದ್ದು 1831ರಲ್ಲಿ. ಇದೇ ಊರು, ಇದೇ ಬಿಸಿಲು, ಇಪ್ಪತ್ತು ವರ್ಷದ ಮೇಲೆ ಒಂದು ಪುಸ್ತಕ. ನಮ್ಮ ಮನೆಯವರು ಆರು ತಿಂಗಳಿಗೇ ಬೇಜಾರಾದಾಗ ನಾನು ಇದನ್ನೇ ಹೇಳುತ್ತಿದ್ದೆ. "ಅವರಿಗೆ ವಾರದ ಕಂತು ಇರಲಿಲ್ಲ" ಅನ್ನುತ್ತಿದ್ದರು. ಅದೂ ಸರಿಯೇ.

ದುಡ್ಡು ಕೂಡಿದ್ದು ಯೋಸೇಫನ ಲೆಕ್ಕದಲ್ಲಿ. ಸುಭಿಕ್ಷದ ಏಳು ವರ್ಷ ಬೆಳೆಯ ಐದರಲ್ಲಿ ಒಂದು ಪಾಲು ಎತ್ತಿಡಬೇಕು ಅಂತ ಐಗುಪ್ತದ ರಾಜ ಫರೋಹನಿಗೆ ಹೇಳಿದನಲ್ಲ, ಅದೇ. ಹಬ್ಬದ ಸೀಸನ್ನಿನಲ್ಲಿ ದಶಮಾಂಶ ತೆಗೆದು, ಹೆಣ್ಣುಮಕ್ಕಳ ಕೂಲಿ ಕೊಟ್ಟು, ಉಳಿದದ್ದರಲ್ಲಿ ಐದನೇ ಒಂದು ಭಾಗ ಪೋಸ್ಟಾಫೀಸಿಗೆ. ಮೊದಲ ಸೀಸನ್ನಿಗೆ 11 ಸಾವಿರ ಆಯಿತೇನೋ. ಮುಂದಿನದಕ್ಕೆ 20 ದಾಟಿತು. ವರ್ಷಪೂರ್ತಿ ಹೀಗೆ ಎತ್ತಿಡಲು ನೋಡಿದೆ, ಆಗಲಿಲ್ಲ. ಕೆಲಸ ಇಲ್ಲದ ತಿಂಗಳಲ್ಲಿ ಇಟ್ಟದ್ದನ್ನೇ ತೆಗೆದು ತಿಂದೆವು. ಬರದ ವರ್ಷಗಳಲ್ಲಿ ಯೋಸೇಫನೂ ಉಗ್ರಾಣ ತೆರೆದನೇ ಹೊರತು ತುಂಬಲಿಲ್ಲ ಅಲ್ವಾ?

ಇನ್ನೊಂದು ನಿಯಮ. ಕೈಗೆ ಬರದ ದುಡ್ಡು ಪುಸ್ತಕಕ್ಕೆ ಬರಬಾರದು. ಸಿರುಗುಪ್ಪ ಕಡೆ ನಮ್ಮ ಮೈದುನನದು ಭತ್ತದ ಗದ್ದೆ. ಬೆಳೆ ಬಂದ ಮೇಲೆ 40 ಸಾವಿರ ವಾಪಸ್ ಕೊಡುತ್ತೇನೆ ಅಂದಿದ್ದ. ಮನೆಯವರು ಅದನ್ನೂ ಬರಿ ಅಂದರು, ನಾನು ಬರೆಯಲಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಕೊಂಡು ಹೋಯಿತು. ಕಾಲುವೆ ನಂಬಿದವರ ಮನೆಗಳಲ್ಲಿ ಆ ವಾರ ಯಾರಿಗೂ ನಿದ್ದೆ ಇರಲಿಲ್ಲ. ಒಂದು ವಾರದಲ್ಲಿ ತಾತ್ಕಾಲಿಕ ಗೇಟ್ ಕೂರಿಸಿದರು, ಮಳೆಯೂ ಆಗಿ ಡ್ಯಾಮ್ ಮತ್ತೆ ತುಂಬಿತು, ದೇವರಿಗೆ ಸ್ತೋತ್ರ. ಮೈದುನ ಅರ್ಧ ಕೊಟ್ಟ, ಉಳಿದದ್ದು ಇನ್ನೂ ಬರಬೇಕು. ನನ್ನ ಲೆಕ್ಕ ಮಾತ್ರ ಅಲ್ಲಾಡಲಿಲ್ಲ.

ಮಗಳ ವಿಷಯದಲ್ಲಿ ರೇಟು ಸರಿಯಿತ್ತು, ಬಾಗಿಲೇ ತೆರೆಯಲಿಲ್ಲ. ನರ್ಸಿಂಗ್ ಅಂತ ಬರೆದಿದ್ದೆವು. ಸರ್ಕಾರಿ ಸೀಟು ಸಿಗಲಿಲ್ಲ. ಮ್ಯಾನೇಜ್‌ಮೆಂಟ್ ಸೀಟಿಗೆ ಹೇಳಿದ ಮೊತ್ತ ಕೇಳಿ ಅವರು ಕೊಟ್ಟ ಟೀ ಕೂಡ ಕುಡಿಯದೆ ಎದ್ದು ಬಂದೆವು. ಅವಳು ಎರಡು ದಿನ ಅತ್ತಳು. ಸುವಾರ್ತೆ ಸಾರಲು ಹೊರಟ ಪೌಲನಿಗೂ ಏಷ್ಯ ಪ್ರಾಂತ್ಯಕ್ಕೆ ಬೇಡ, ಬಿಥೂನ್ಯಕ್ಕೆ ಬೇಡ ಅಂತಾಯಿತು. ಅವನು ಅಲ್ಲೇ ಕೂರಲಿಲ್ಲ, ತ್ರೋವದವರೆಗೆ ನಡೆದ. ಮಕೆದೋನ್ಯಕ್ಕೆ ಬಾ ಅನ್ನುವ ದರ್ಶನ ಆದದ್ದು ಅಲ್ಲಿ. ನಮಗೆ ದರ್ಶನ ಏನೂ ಆಗಲಿಲ್ಲ. ಲ್ಯಾಬ್ ಟೆಕ್ನಿಶಿಯನ್ ಡಿಪ್ಲೊಮಾ ಇರುವ ಕಾಲೇಜುಗಳಿಗೆ ಹೋಗಿ, ಹಿಂದಿನ ವರ್ಷ ಓದಿದವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ ಅಂತ ಕೇಳಿದೆವು. ಒಂದು ಕಡೆ ಉತ್ತರ ಕೊಡಲಿಲ್ಲ. ಇನ್ನೊಂದು ಕಡೆ ಹುಡುಗಿಯರ ಫೋನ್ ನಂಬರೇ ಕೊಟ್ಟರು. ಅಲ್ಲಿಗೇ ಸೇರಿಸಿದೆವು. ಈಗ ಹೊಸಪೇಟೆಯ ಒಂದು ಲ್ಯಾಬಿನಲ್ಲಿದ್ದಾಳೆ, 13 ಸಾವಿರ ಬರುತ್ತದೆ.

ಆ ಹಿರಿಯರಿಗೆ ಕೊಡಲು ನನಗೆ ಉತ್ತರ ಸಿಕ್ಕಿದ್ದು ಬೈಬಲಿನ ಯಾಕೋಬನ ಪತ್ರಿಕೆಯಲ್ಲಿ. ಇಂಥ ಊರಿಗೆ ಹೋಗುತ್ತೇವೆ, ಒಂದು ವರ್ಷ ವ್ಯಾಪಾರ ಮಾಡುತ್ತೇವೆ ಅನ್ನುವವರನ್ನು ಅವನು ಬೈಯುತ್ತಾನೆ. ಆದರೆ ಲೆಕ್ಕ ಬಿಡಿ ಅನ್ನುವುದಿಲ್ಲ. ಕರ್ತನ ಚಿತ್ತವಿದ್ದರೆ ಬದುಕಿದ್ದು ಇದನ್ನು ಮಾಡುತ್ತೇವೆ, ಅದನ್ನು ಮಾಡುತ್ತೇವೆ ಅನ್ನಿ ಅಂತಾನೆ. ಆ ಇದು, ಅದು ಏನು ಅಂತ ಬರೆದಿಟ್ಟರೆ ತಪ್ಪೇನು ಅಂತ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹೋದ ತಿಂಗಳು ಅವರ ಸೊಸೆ ಬಂದು, ಪುಸ್ತಕಕ್ಕೆ ಗೆರೆ ಹೇಗೆ ಹಾಕಬೇಕು ಅಂತ ಕೇಳಿಕೊಂಡು ಹೋದಳು.

ಎರಡು ವಿಷಯ ಬಿಟ್ಟಿದ್ದೇನೆ. ಯಾವುದೇ ದೊಡ್ಡ ಖರ್ಚಿಗೆ ಮುಂಚೆ ಇಬ್ಬರಿಗೆ ಪುಸ್ತಕ ತೋರಿಸುತ್ತೇನೆ. ಅವರು ಯಾರು, ಹೇಗೆ ಆರಿಸಿದೆ ಅಂತ ಹೇಳಲ್ಲ, ಹೇಳಿದರೆ ಎಲ್ಲರೂ ಅವರ ಮನೆಗೇ ಹೋಗುತ್ತೀರಿ. ಹಬ್ಬಕ್ಕೆ ಮುಂಚೆ ವ್ಯಾಪಾರಿಗಳಿಂದ ಬಾಕಿ ಹೇಗೆ ವಸೂಲು ಮಾಡುತ್ತೇನೆ ಅನ್ನುವುದನ್ನೂ ಹೇಳಲ್ಲ. ಅದರಲ್ಲಿ ಪ್ರಾರ್ಥನೆ ಅರ್ಧ ಮಾತ್ರ.

ಈಗಿನ ಪುಟದಲ್ಲಿ ಬಾರ್‌ಟ್ಯಾಕ್ ಮಷೀನ್ ಇದೆ, ಜೇಬಿನ ಮೂಲೆ, ಬೆಲ್ಟ್ ಲೂಪ್ ಬಿಚ್ಚದಂತೆ ಗಟ್ಟಿ ಹೊಲಿಗೆ ಹಾಕುವಂಥದ್ದು. ಒಬ್ಬ 85 ಅಂದ, ಇನ್ನೊಬ್ಬ 90 ಅಂದ. ತಾರೀಖು ಖಾಲಿ. ಪುಸ್ತಕ ನೋಡಬೇಕು ಅನ್ನುವವರು ಬನ್ನಿ, ಶನಿವಾರ ಮಾತ್ರ ಬೇಡ. ಅವತ್ತು ಕೂಲಿ ಬಟವಾಡೆ, ನನಗೆ ಮಾತಾಡಲು ಪುರುಸೊತ್ತಿರುವುದಿಲ್ಲ.