ತತ್ತಿ ಎಲ್ಲಿಂದ ತರಬೇಕು? ನನ್ನ ಮೆಸ್ಸಿನ ಅನುಭವ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನನ್ನದೊಂದು ಸಣ್ಣ ಮೆಸ್ ಇದೆ. ಬರುವವರು ಹೆಚ್ಚಾಗಿ ಕಾಲೇಜು ಹುಡುಗರು. ಹಾಫ್ ಫ್ರೈ ತಟ್ಟೆ ತುಂಬ ಹರಡಿಕೊಂಡಿದ್ದರೆ "ತತ್ತಿ ಹಳೇವೇನ್ರಿ ಅಕ್ಕಾ?" ಅಂತ ಕೇಳಿಯೇ ಬಿಡುತ್ತಾರೆ. ಹಾಗಾಗಿ ದುರ್ಗದಬೈಲಿನ ಹೋಲ್‌ಸೇಲ್ ಟ್ರೇ, ಓಣಿಯ ಕಿರಾಣಿ ಅಂಗಡಿಯದು, ಸೂಪರ್ ಮಾರ್ಕೆಟ್ ಡಬ್ಬಿ, ಸಂತೆಯ ಜವಾರಿ ತತ್ತಿ, ಎಲ್ಲವನ್ನೂ ಒಟ್ಟಿಗೆ ತಂದು ನೋಡಿದೆ. ಕಲೆತು ಹೋಗದಂತೆ ಚಿಪ್ಪಿನ ಮೇಲೆ ಪೆನ್ಸಿಲ್ ಗುರುತು.

ಕತ್ತಲೆ ಕೋಣೆಯಲ್ಲಿ ತತ್ತಿಯ ದಪ್ಪ ತುದಿಗೆ ಮೊಬೈಲ್ ಲೈಟ್ ಹಿಡಿದರೆ ಒಳಗಿನ ಗಾಳಿಯ ಜಾಗ ಕಾಣುತ್ತದೆ. ಚಿಪ್ಪಿನ ಸಣ್ಣ ತೂತುಗಳಿಂದ ದಿನಾ ತೇವ ಆರುತ್ತದೆ, ಆ ಜಾಗಕ್ಕೆ ಗಾಳಿ ಸೇರುತ್ತದೆ. ಜಾಗ ದೊಡ್ಡದಾದಷ್ಟೂ ತತ್ತಿ ಹಳೆಯದು. ನೀರಲ್ಲಿ ತೇಲುವುದೂ ಇದರಿಂದಲೇ. ತೇಲಿದ್ದೆಲ್ಲ ಕೆಟ್ಟಿರಲೇಬೇಕು ಅಂತಿಲ್ಲ. ಬೇರೆ ಬಟ್ಟಲಲ್ಲಿ ಒಡೆದು ಮೂಸಿ ನೋಡಬೇಕು.

ನಾನು ಜಾಸ್ತಿ ನಂಬುವುದು ಸಪಾಟು ತಟ್ಟೆಯನ್ನು. ಹೊಸ ತತ್ತಿ ಒಡೆದರೆ ಲೋಳೆ ಹಳದಿಯ ಸುತ್ತ ದಪ್ಪಗೆ ನಿಲ್ಲುತ್ತದೆ, ಕೊಂಚ ಮಬ್ಬಾಗಿರುತ್ತದೆ. ಹಳೆಯದರ ಲೋಳೆ ತಿಳಿಯಾಗಿ ಅಂಚಿಗೆ ಓಡುತ್ತದೆ, ಹಳದಿ ಚಪ್ಪಟೆಯಾಗುತ್ತದೆ. ತಟ್ಟೆಯಲ್ಲಿ ಗೆದ್ದಿದ್ದು ದುರ್ಗದಬೈಲಿನ ಟ್ರೇ. ಅಲ್ಲಿ ಮಾಲು ನಿಲ್ಲುವುದೇ ಇಲ್ಲ. ಕಿರಾಣಿ ಅಂಗಡಿಯವರೂ ಅಲ್ಲಿಂದಲೇ ತರುತ್ತಾರೆ, ಆದರೆ ಅವರ ಟ್ರೇ ಬಿಸಿಲು ಬೀಳುವ ಕಟ್ಟೆಯ ಮೇಲಿರುತ್ತದೆ. ಏಪ್ರಿಲ್ ಸೆಕೆಗೆ ಲೋಳೆ ಬೇಗ ನೀರಾಗುತ್ತದೆ. ಸೂಪರ್ ಮಾರ್ಕೆಟ್ ಡಬ್ಬಿ ಮಧ್ಯಮ. ಅದರ ಮೇಲಿದ್ದದ್ದು ಪ್ಯಾಕ್ ಮಾಡಿದ ತಾರೀಖು, ಕೋಳಿ ಯಾವತ್ತು ಇಟ್ಟಿತೋ ಯಾರಿಗೆ ಗೊತ್ತು!

ಜವಾರಿ ತತ್ತಿ ನನಗೆ ಇಷ್ಟ. ಆದರೆ ಸಂತೆಯ ಅಜ್ಜಿ ನಾಲ್ಕಾರು ಮನೆಯಿಂದ ಕೂಡಿಸಿ ತರುತ್ತಾರೆ. ಒಂದೇ ಬುಟ್ಟಿಯಲ್ಲಿ ನಿನ್ನೆಯದೂ ಇರುತ್ತದೆ, ಹದಿನೈದು ದಿನದ್ದೂ ಇರುತ್ತದೆ. ಫಾರ್ಮ್ ತತ್ತಿ 50 ಗ್ರಾಂ ಮೇಲೆ ತೂಗಿದರೆ ಇವು 40ರ ಆಸುಪಾಸು. ಎಣಿಸಿ ಕೊಳ್ಳುವ ಮಾಲಿಗೆ ಇದು ಸಣ್ಣ ವ್ಯತ್ಯಾಸವಲ್ಲ, ಅಲ್ವಾ? ಹಳದಿ ಗಾಢವಾಗಿದ್ದರೆ ಸತ್ವ ಜಾಸ್ತಿ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಆ ಬಣ್ಣ ಮೇವಿನಿಂದ ಬರುತ್ತದೆ. ಗೋವಿನಜೋಳ, ಚೆಂಡುಹೂವಿನ ಪುಡಿ ಹಾಕಿದರೆ ಫಾರ್ಮ್ ಕೋಳಿಯೂ ಅದೇ ಬಣ್ಣ ಕೊಡುತ್ತದೆ. ಕಂದು ಚಿಪ್ಪು ಬರೀ ತಳಿಯ ವಿಷಯ.

ಬೇಯಿಸಲು ಮಾತ್ರ ತೀರಾ ಹೊಸದು ಬೇಡ. ಸಿಪ್ಪೆಯ ಜೊತೆ ಬಿಳಿಯೂ ಕಿತ್ತು ಬರುತ್ತದೆ. ಹೊಸ ಟ್ರೇ ಹಾಫ್ ಫ್ರೈಗೆ, ನಾಲ್ಕೈದು ದಿನ ಕಳೆದದ್ದು ಬೇಯಿಸಲು, ಎಗ್ ರೈಸಿಗೆ ಯಾವುದಾದರೂ ನಡೆಯುತ್ತದೆ.

ಶ್ರಾವಣದಲ್ಲಿ ಈ ಲೆಕ್ಕ ತಪ್ಪುತ್ತದೆ. ತಿನ್ನುವವರು ಕಡಿಮೆ, ರೇಟು ಇಳಿಯುತ್ತದೆ, ಹೋಲ್‌ಸೇಲ್‌ನಲ್ಲೂ ಟ್ರೇ ಉಳಿಯುತ್ತವೆ. ಆಗ "ಗಾಡಿ ಯಾವಾಗ ಬಂತ್ರಿ?" ಅಂತ ಕೇಳಿ, 30ರ ಒಂದೇ ಟ್ರೇ ತರುತ್ತೇನೆ. ತಟ್ಟೆಯಲ್ಲಿ ಒಂದು ಒಡೆದು ನೋಡಿದ ಮೇಲೇ ಮುಂದಿನ ಟ್ರೇ.