ಮಕ್ಕಳ ಗುಂಪು ಮಾಡುವಾಗ ಮೇಷ್ಟ್ರನ್ನು ಏನು ಕೇಳಬೇಕು?
2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, ಮೇಷ್ಟ್ರು ಊರಲ್ಲೇ ಮಕ್ಕಳನ್ನು ಸಣ್ಣ ಗುಂಪು ಮಾಡಿ ಪಾಠ ಹೇಳುವ ವಿದ್ಯಾಗಮ ಯೋಜನೆ ಇತ್ತು. ಅದರಲ್ಲಿ ನನ್ನ ಮಗಳ ಪಾಠ ತೀರ್ಥಹಳ್ಳಿ ಹತ್ತಿರದ ನಮ್ಮೂರ ದೇವಸ್ಥಾನದ ಜಗಲಿಯಲ್ಲಿ ನಡೆಯಿತು. ಗುಂಪಿನಲ್ಲಿ ಗೆಳತಿ ಇಲ್ಲ ಅಂತ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮತ್ತೆ ಅಂಥ ಕಾಲ ಬಂದರೆ ಸುಮ್ನೆ ಕೂರಬೇಡಿ. ಪಟ್ಟಿ ಆಗುವ ಮೊದಲೇ ಮೇಷ್ಟ್ರ ಹತ್ತಿರ ಮಾತಾಡಿ, ಒಬ್ಬ ಗೆಳತಿಯಾದರೂ ಜೊತೆಗಿರಲಿ ಅಂತ ಕೇಳಿ.

ಎಲ್ಲರೂ ಮರೆಯೋದು ಮಕ್ಕಳು ಪಾಠಕ್ಕೆ ಹೋಗಿಬರುವ ದಾರಿಯ ವಿಷಯ. ಬೇರೆ ಬೇರೆ ಗುಂಪಿನವರು ಒಂದೇ ಆಟೋದಲ್ಲಿ ತುಂಬಿಕೊಂಡು ಬಂದರೆ ಗುಂಪು ಮಾಡಿ ಏನು ಬಂತು, ಅಲ್ವಾ? ನಾವು ಮೂರು ಮನೆಯವರು ಸರದಿ ಮೇಲೆ ನಮ್ಮ ಗುಂಪಿನ ಮಕ್ಕಳನ್ನು ನಡೆಸಿಕೊಂಡು ಹೋದೆವು. ಜಗಲಿಗೆ ಮಳೆ ಎರಚಲು ಹೊಡೆದರೆ ಮಕ್ಕಳು ಒಂದೇ ಮೂಲೆಗೆ ಒತ್ತಿಕೊಳ್ಳುತ್ತಾರೆ. ಆ ಕಡೆಗಷ್ಟೇ ಟಾರ್ಪಾಲು ಕಟ್ಟಿ, ಉಳಿದ ಕಡೆ ಗಾಳಿಯಾಡಲಿ.

ಜ್ವರ ಬಂದರೆ ಮುಚ್ಚಿಡಬೇಡಿ. ಅವತ್ತೇ ಮೇಷ್ಟ್ರಿಗೆ ಫೋನ್ ಮಾಡಿ.